ವರ್ಡ್‌ಪ್ರೆಸ್ ಪ್ಲಗಿನ್ ದುಡ್ಡಿಗೆ ಮಾರುತ್ತಿದ್ದೇನೆ, ಜಿಪಿಎಲ್ (ಯಾರು ಬೇಕಾದರೂ ತಿದ್ದಿ ಹಂಚಬಹುದು ಅನ್ನುವ ಮುಕ್ತ ಲೈಸೆನ್ಸ್) ನನ್ನ ಕೋಡ್‌ಗೂ ಅಂಟಿಕೊಳ್ಳುತ್ತಾ?

ಕೋಡ್‌ಗೂಡು:
ವೆಬ್‌ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್‌ಗೆ ಸೇರಿಸಿಕೊಳ್ಳಲು ಎಂಟು ತಿಂಗಳು ಕೂತು ಒಂದು ಬುಕಿಂಗ್ ಪ್ಲಗಿನ್ ಬರೆದೆ. ಮಾರಾಟ ಚೆನ್ನಾಗಿಯೇ ಇತ್ತು. ಹೋದ ವಾರ ಅದೇ ಪ್ಲಗಿನ್ ಬೇರೊಂದು ಸೈಟಿನಲ್ಲಿ ಪುಡಿಗಾಸಿಗೆ ಕಣ್ಣಿಗೆ ಬಿತ್ತು. ಇಳಿಸಿಕೊಂಡು ನೋಡಿದರೆ ಕೊಂಡವರಿಗೆ ಕೊಡುವ ಲೈಸೆನ್ಸ್ ಕೀ ಪರೀಕ್ಷೆ ಮಾಡುವ ನಾಲ್ಕು ಸಾಲು ಮಾತ್ರ ತೆಗೆದಿದ್ದಾರೆ, ಉಳಿದದ್ದೆಲ್ಲ ನನ್ನದೇ, ರಾತ್ರಿ ಕೂತು ಬರೆದ ಕಾಮೆಂಟ್‌ಗಳೂ ಹಾಗೇ ಇವೆ. ತುಂಬಾ ಹೊಟ್ಟೆ ಉರಿಯಿತು. ಆ ಸೈಟಿನವರನ್ನು ಕೇಳಿದ್ದಕ್ಕೆ "ಜಿಪಿಎಲ್ ಅಲ್ವಾ, ಯಾರು ಬೇಕಾದರೂ ಹಂಚಬಹುದು" ಅಂದರು. ವರ್ಡ್‌ಪ್ರೆಸ್ ಜಿಪಿಎಲ್ ಇರಲಿ, ನನ್ನ ಕೋಡ್ ನಾನೇ ಬರೆದದ್ದು. ಬೇರೆ ಲೈಸೆನ್ಸ್ ಹಾಕಿ ಇದನ್ನು ತಡೆಯಬಹುದಾ?

ಹಳೇಕೀಲಿ:
ಮೊದಲು ಒಂದು ಮಾತು. ದುಡ್ಡಿಗೆ ಮಾರಬೇಡಿ ಅಂತ ಜಿಪಿಎಲ್ ಎಲ್ಲೂ ಹೇಳಿಲ್ಲ. ಎಷ್ಟಕ್ಕಾದರೂ ಮಾರಿ. ಆದರೆ ಕೊಂಡವರು ಅದನ್ನು ತಿದ್ದಬಹುದು, ಮತ್ತೊಬ್ಬರಿಗೆ ಕೊಡಬಹುದು, ಅದನ್ನು ನೀವು ತಡೆಯುವಂತಿಲ್ಲ. ನಿಮ್ಮ ಪ್ಲಗಿನ್ ವರ್ಡ್‌ಪ್ರೆಸ್‌ನ ಫಂಕ್ಷನ್‌ಗಳನ್ನು ಕರೆಯುತ್ತೆ, ಹುಕ್‌ಗಳಿಗೆ (ಹೊರಗಿನ ಕೋಡ್ ಸೇರಿಸಲು ಅದರಲ್ಲಿ ಬಿಟ್ಟಿರುವ ಜಾಗಗಳಿಗೆ) ಸಿಕ್ಕಿಸಿಕೊಳ್ಳುತ್ತೆ, ಅದರ ಜೊತೆ ಒಂದೇ ಪ್ರೋಗ್ರಾಂ ಆಗಿ ಓಡುತ್ತೆ, ಹಾಗಾಗಿ ಅದೂ ಜಿಪಿಎಲ್ ಕೆಳಗೇ ಬರಬೇಕು ಅನ್ನುವುದು ವರ್ಡ್‌ಪ್ರೆಸ್‌ನವರ ನಿಲುವು. 2010ರಲ್ಲಿ ಥೀಸಿಸ್ ಅನ್ನುವ ವರ್ಡ್‌ಪ್ರೆಸ್ ಥೀಮ್ (ಸೈಟಿನ ರೂಪ ಬದಲಿಸುವ ಕೋಡ್) ಬಗ್ಗೆ ಇದೇ ಜಗಳ ಜೋರಾಗಿ ನಡೆಯಿತು. ಕೊನೆಗೆ ಥೀಸಿಸ್‌ನವರು ಪಿಎಚ್‌ಪಿ ಭಾಷೆಯ ಕೋಡನ್ನು ಜಿಪಿಎಲ್‌ಗೆ ತಂದು, ವಿನ್ಯಾಸದ ಸಿಎಸ್‌ಎಸ್, ಚಿತ್ರಗಳನ್ನು ತಮ್ಮ ಲೈಸೆನ್ಸ್‌ನಲ್ಲೇ ಉಳಿಸಿಕೊಂಡರು. ಕೋರ್ಟಿನವರೆಗೆ ಹೋಗಲೇ ಇಲ್ಲ.

ಅದಿರಲಿ, ನಿಮ್ಮ ರೀಡ್‌ಮಿ ಫೈಲಿನಲ್ಲಿ ಲೈಸೆನ್ಸ್ ಸಾಲು ಏನಿದೆ ಅಂತ ನೋಡಿದ್ದೀರಾ? ಅಲ್ಲಿ ನೀವೇ ಜಿಪಿಎಲ್ ಅಂತ ಬರೆದಿದ್ದರೆ, ಈಗಾಗಲೇ ಮಾರಿದ ಪ್ರತಿಗಳ ಮಟ್ಟಿಗೆ ವಾದಕ್ಕೆ ಜಾಗವೇ ಇಲ್ಲ.

ಎರಡನೇಸಾಲು:
ನಾನು 3ಡಿ ಚಿತ್ರ ಮಾಡುವ ತಂತ್ರಾಂಶ ಬ್ಲೆಂಡರ್‌ಗೆ ಆ್ಯಡ್-ಆನ್ ಮಾಡಿ ಮಾರುತ್ತೇನೆ. ಅದೂ ಜಿಪಿಎಲ್. ಮೊದಲ ವರ್ಷ ನನ್ನದೂ ಕದ್ದ ಹಾಗೆ ಹರಿದಾಡಿತು, ನಿದ್ದೆ ಬರುತ್ತಿರಲಿಲ್ಲ. ಆಮೇಲೆ ಗಮನಿಸಿದ್ದು ಏನು ಅಂದರೆ, ಬ್ಲೆಂಡರ್ ಹೊಸ ಆವೃತ್ತಿ ಬಂದಾಗಲೆಲ್ಲ ಹಳೆ ಆ್ಯಡ್-ಆನ್‌ನಲ್ಲಿ ಏನಾದರೂ ಒಂದು ಕೈಕೊಡುತ್ತೆ. ಪುಕ್ಕಟೆ ಪ್ರತಿ ಇಟ್ಟುಕೊಂಡವರು ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ನನ್ನ ಹತ್ತಿರ ಕೊಂಡವರಿಗೆ ಆ ವಾರವೇ ಅಪ್‌ಡೇಟ್ ಸಿಗುತ್ತೆ. ಜನ ದುಡ್ಡು ಕೊಡುವುದು ಅದಕ್ಕೆ. ಲೈಸೆನ್ಸ್ ಕೀಯನ್ನು ಕೋಡಿಗೆ ಬೀಗ ಹಾಕಲು ಬಳಸಬೇಡಿ, ಅಪ್‌ಡೇಟ್ ಸರ್ವರ್‌ಗೆ ಹಾಕಿ.

ಇನ್ನೊಂದು, ಹೆಸರು. ಜಿಪಿಎಲ್ ಕೋಡ್ ಕೊಡುತ್ತೆ, ನಿಮ್ಮ ಟ್ರೇಡ್‌ಮಾರ್ಕ್ ಕೊಡಲ್ಲ. ನಿಮ್ಮ ಹೆಸರು, ಲೋಗೋ ಹಾಕಿಕೊಂಡು ತಮ್ಮದೇ ಅನ್ನುವ ಹಾಗೆ ಮಾರುತ್ತಿದ್ದರೆ ಖಂಡಿತ ಕೇಳಬಹುದು.

ಹಳೇಕೀಲಿ:
ಸರಿಯಾದ ಮಾತು. ಇದನ್ನೂ ಸೇರಿಸುತ್ತೇನೆ: ಜಿಪಿಎಲ್ ಕಟ್ಟುಪಾಡು ಶುರುವಾಗುವುದು ಕೋಡನ್ನು ಬೇರೆಯವರ ಕೈಗೆ ಕೊಟ್ಟಾಗ. ನಿಮ್ಮದೇ ಸರ್ವರ್‌ನಲ್ಲಿ ಓಡುವ ಭಾಗವನ್ನು ನೀವು ಯಾರಿಗೂ ಕೊಡುತ್ತಿಲ್ಲ, ಅದು ನಿಮ್ಮಲ್ಲೇ ಇರಬಹುದು. ಆದರೆ ಅಲ್ಲಿ ಎಜಿಪಿಎಲ್ (ಜಿಪಿಎಲ್‌ನ ಇನ್ನೂ ಬಿಗಿಯಾದ ರೂಪ) ಕೋಡ್ ತಿದ್ದಿ ಬಳಸಿದರೆ ಲೆಕ್ಕ ಬೇರೆ, ನೆಟ್‌ವರ್ಕ್ ಮೂಲಕ ಬಳಸುವವರಿಗೂ ಸೋರ್ಸ್ ಕೊಡಬೇಕು.

ಕೋಡ್‌ಗೂಡು:
ರೀಡ್‌ಮಿ ತೆಗೆದು ನೋಡಿದೆ. "ಜಿಪಿಎಲ್ ಆವೃತ್ತಿ 2 ಅಥವಾ ನಂತರದ್ದು" ಅಂತಿದೆ. ಮೊದಲ ದಿನ ಮಾದರಿ ಫೈಲ್ ನಕಲು ಮಾಡಿಕೊಂಡಾಗ ಬಂದ ಸಾಲು, ಓದಿಯೇ ಇರಲಿಲ್ಲ. ಹಾಗಾದರೆ ಕೋಡ್ ವಿಷಯ ಬಿಟ್ಟೆ. ಆದರೆ ಆ ಸೈಟಿನಲ್ಲಿ ನನ್ನ ಲೋಗೋ ಹಾಗೇ ಇದೆ, ಅದನ್ನು ತೆಗೆಯಿರಿ ಅಂತ ಇವತ್ತೇ ಬರೆಯುತ್ತೇನೆ. ಆ ನಾಲ್ಕು ಸಾಲನ್ನು ಮುಂದಿನ ಆವೃತ್ತಿಯಲ್ಲಿ ನಾನೇ ತೆಗೆಯುತ್ತೇನೆ, ಕೀ ಇನ್ನು ಅಪ್‌ಡೇಟ್‌ಗೆ ಮಾತ್ರ.