ದೊಡ್ಡಪ್ಪನ ಫಾರ್ವರ್ಡು, ಒಂದು ಮೀಟರ್ ಕೋಲು

ಗುಂಪು: ಮನೆ ಮಂದಿ, ದಾವಣಗೆರೆ
14 ಜನವರಿ 2026, ಬುಧವಾರ

6:41 | ವಿದ್ಯಾನಗರ ದೊಡ್ಡಪ್ಪ
(ಹಲವು ಬಾರಿ ಫಾರ್ವರ್ಡ್ ಆಗಿದೆ)
🌞 ಇಂದು ಸೂರ್ಯದೇವ ದಕ್ಷಿಣದ ಪಯಣ ಮುಗಿಸಿ ಉತ್ತರಕ್ಕೆ ತಿರುಗುವ ದಿನ. ವರ್ಷದ ಅತಿ ದೀರ್ಘ ರಾತ್ರಿ ನಿನ್ನೆಗೆ ಮುಗಿಯಿತು. ಇಂದಿನಿಂದ ಹಗಲು ಬೆಳೆಯುತ್ತದೆ. ಸಾವಿರಾರು ವರ್ಷಗಳಿಂದ ಇದೇ ದಿನ, ಒಂದು ದಿನವೂ ಆಚೀಚೆ ಆಗಿಲ್ಲ. ವಿದೇಶಿ ವಿಜ್ಞಾನಿಗಳೇ ಬೆರಗಾಗಿದ್ದಾರೆ! ಹತ್ತು ಜನರಿಗೆ ಕಳಿಸಿ 🙏

6:44 | ಪಿ.ಜೆ. ಬಡಾವಣೆ ಅತ್ತೆ
🙏🙏 ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ

6:59 | ನಿಟ್ಟುವಳ್ಳಿ ಚಿಕ್ಕಮ್ಮ
ಹಬ್ಬದ ಶುಭಾಶಯ ಭಾವನೋರೆ. ಆದ್ರೆ ಈ ಮೆಸೇಜಲ್ಲಿ ಹಬ್ಬ ಒಂದು ಬಿಟ್ರೆ ಮಿಕ್ಕಿದ್ದೆಲ್ಲಾ ತಪ್ಪು. ಸೂರ್ಯ ತಿರುಗಿದ್ದು ಡಿಸೆಂಬರ್ 21ರ ರಾತ್ರಿ 8:33ಕ್ಕೆ. ಇವತ್ತಿಗೆ 24 ದಿನ ಆಯ್ತು. ನಮ್ಮೂರಲ್ಲಿ ಅವತ್ತಿನ ಹಗಲು 11 ಗಂಟೆ 16 ನಿಮಿಷ, ಇವತ್ತಿಂದು 11 ಗಂಟೆ 21 ನಿಮಿಷ. ಬೆಳೆಯೋಕೆ ಶುರುವಾಗಿ ಆಗಲೇ ಐದು ನಿಮಿಷ ಬೆಳೆದಾಗಿದೆ.

7:06 | ವಿದ್ಯಾನಗರ ದೊಡ್ಡಪ್ಪ
ಏನಮ್ಮ, ಡಿಸೆಂಬರಲ್ಲಿ ಸೂರ್ಯ ಆರೂ ಮುಕ್ಕಾಲಿಗೆಲ್ಲಾ ಬರ್ತಿದ್ದ, ಇವತ್ತು ಏಳಕ್ಕೆ ಐದು ನಿಮಿಷ ಇತ್ತು. ತಡವಾಗಿ ಹುಟ್ತಾನೆ, ಹಗಲು ಬೆಳೆದಿದೆ ಅಂತೀಯ. ಎರಡ್ರಲ್ಲಿ ಒಂದು ಹೇಳು.

7:15 | ನಿಟ್ಟುವಳ್ಳಿ ಚಿಕ್ಕಮ್ಮ
ಎರಡೂ ನಿಜ. ಸೂರ್ಯೋದಯ 6:46ರಿಂದ ಸುಮಾರು 6:54ಕ್ಕೆ ಹೋಯ್ತು, ಬೆಳಗ್ಗೆ 8 ನಿಮಿಷ ನಷ್ಟ. ಸೂರ್ಯಾಸ್ತ 6:02ರಿಂದ 6:15 ದಾಟಿತು, ಸಂಜೆ 13 ನಿಮಿಷ ಲಾಭ. ಕಳೆದ್ರೆ ಐದು. ಜನವರಿ ಮೊದಲ ವಾರ ಭೂಮಿ ಸೂರ್ಯನಿಗೆ ಹತ್ತಿರ ಇರುತ್ತೆ, ಬೇಗ ಓಡುತ್ತೆ. ಜೊತೆಗೆ ಅಕ್ಷದ ಓರೆ. ಇವೆರಡೂ ಸೇರಿ ದಿಟವಾದ ಮಧ್ಯಾಹ್ನವನ್ನೇ ದಿನಾ ಇಪ್ಪತ್ತು ಮೂವತ್ತು ಸೆಕೆಂಡು ಮುಂದಕ್ಕೆ ತಳ್ತಾವೆ. ಇಡೀ ಹಗಲೇ ಸಂಜೆ ಕಡೆ ಜರುಗುತ್ತೆ. ನಮ್ಮಲ್ಲಿ ಸೂರ್ಯೋದಯ ಹಿಂದಕ್ಕೆ ಬರೋದು ಜನವರಿ 20 ಕಳೆದ ಮೇಲೆ.

7:22 | ಪುಟ್ಟ ಬೆಂಗಳೂರು
"ಒಂದು ದಿನವೂ ಆಚೀಚೆ ಆಗಿಲ್ಲ" 😀 ದೊಡ್ಡಪ್ಪ, ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12. ಅವತ್ತು ಮಕರ ಸಂಕ್ರಾಂತಿ!

7:40 | ವಿದ್ಯಾನಗರ ದೊಡ್ಡಪ್ಪ
ಆ ಸಾಲು ತಪ್ಪು, ಒಪ್ಪಿದೆ. ಪಂಚಾಂಗ ನೋಡೋನಿಗೆ ಅದು ಗೊತ್ತಿಲ್ಲದ್ದಲ್ಲ. ಸಂಕ್ರಮಣ, ಅಂದ್ರೆ ಸೂರ್ಯ ಮಕರ ರಾಶಿಗೆ ಕಾಲಿಡೋ ಹೊತ್ತು, ವರ್ಷ ವರ್ಷ ಆರು ಗಂಟೆ ಒಂಬತ್ತು ನಿಮಿಷದಷ್ಟು ಮುಂದೆ ಹೋಗುತ್ತೆ. ಹೋದ ವರ್ಷ ಬೆಳಗ್ಗೆ 9:03, ಈ ವರ್ಷ ಮಧ್ಯಾಹ್ನ 3:13, ಬರೋ ವರ್ಷ ರಾತ್ರಿ 9ರ ಮೇಲೆ. 2028ಕ್ಕೆ ನಡುರಾತ್ರಿ ದಾಟಿ 15ಕ್ಕೆ ಬೀಳುತ್ತೆ. ಆ ಫೆಬ್ರವರಿಗೆ 29 ದಿನ, ಹಾಗಾಗಿ 2029ಕ್ಕೆ ತಿರುಗಿ 14ಕ್ಕೆ.

7:47 | ನಿಟ್ಟುವಳ್ಳಿ ಚಿಕ್ಕಮ್ಮ
ಆ ಮೇಲಿನ ಒಂಬತ್ತು ನಿಮಿಷವೇ ಕಿತಾಪತಿ. ಅಧಿಕ ದಿನ ಕೊಟ್ರೂ ಅದು ಅಳಿಯಲ್ಲ, 157 ವರ್ಷಕ್ಕೆ ಒಂದು ದಿನ ಆಗಿ ಕೂರುತ್ತೆ. ಮೇಲೆ 1900ಕ್ಕೆ ಅಧಿಕ ದಿನ ಇರಲಿಲ್ಲ, ಅಲ್ಲೊಂದು ದಿನ. 1863ರ 12 ಈಗ 14 ಆಗಿದ್ದು ಹೀಗೆ. 2100ಕ್ಕೂ ಅಧಿಕ ದಿನ ಇಲ್ಲ, ಆಗ ಇನ್ನೊಂದು ದಿನ ಒಮ್ಮೆಗೇ ಜಿಗಿಯುತ್ತೆ.

7:58 | ವಿದ್ಯಾನಗರ ದೊಡ್ಡಪ್ಪ
ಸರಿ, ಆದ್ರೆ ನನ್ನ ಮಾತು ಕೇಳು. ಡಿಸೆಂಬರ್ 21ಕ್ಕೆ ಸೂರ್ಯ ಮಕರಕ್ಕೆ ಬಂದ ಅಂತಾರಲ್ಲ ಋತು ಹಿಡಿದು ಲೆಕ್ಕ ಹಾಕೋ ಸಾಯನದೋರು, ಅವತ್ತು ಸೂರ್ಯನ ಹಿಂದೆ ಇರೋ ನಕ್ಷತ್ರ ಧನುಸ್ಸಿನವು. ಹೆಸರು ಮಕರ, ನಿಂತಿರೋದು ಧನುಸ್ಸಲ್ಲಿ! ನಿರಯಣ ಲೆಕ್ಕ ನಕ್ಷತ್ರ ಹಿಡ್ಕೊಂಡು ಹೋಗುತ್ತೆ. ಅದನ್ನ ತಪ್ಪು ಅನ್ನೋಕಾಗಲ್ಲ.

8:03 | ಪುಟ್ಟ ಬೆಂಗಳೂರು
ದೊಡ್ಡಪ್ಪ, ಇವತ್ತೂ ಧನುಸ್ಸಲ್ಲೇ ಇದಾನೆ. ಖಗೋಳದೋರು ಎಳೆದಿರೋ ಗಡಿ ಪ್ರಕಾರ ಮಕರ ನಕ್ಷತ್ರಪುಂಜಕ್ಕೆ ಹೋಗೋದು ಜನವರಿ 20ರ ಹೊತ್ತಿಗೆ.

8:05 | ವಿದ್ಯಾನಗರ ದೊಡ್ಡಪ್ಪ
ಅದು ಪುಂಜ, ಇದು ರಾಶಿ. ರಾಶಿ ಅಂದ್ರೆ ಅಳೆದಿಟ್ಟ 30 ಡಿಗ್ರಿ ಕಣೋ. ಹೊಲದ ಬದು ನೋಡಿ ಸರ್ವೆ ನಂಬರ್ ಹೇಳಿದಂಗಾಯ್ತು ನಿಂದು.

8:20 | ನಿಟ್ಟುವಳ್ಳಿ ಚಿಕ್ಕಮ್ಮ
ಇದು ಭಾವನೋರು ಹೇಳಿದ್ದು ಸರಿ. ನಿರಯಣ ತಪ್ಪು ಅಂತ ನಾನೂ ಅಂದಿಲ್ಲ. "ಮಕರಕ್ಕೆ ಬಂದ" ಅನ್ನಿ, ನಕ್ಷತ್ರದ ಲೆಕ್ಕಕ್ಕೆ ಸರಿ. "ಉತ್ತರಕ್ಕೆ ತಿರುಗಿದ" ಅನ್ನಬೇಡಿ, ಅದು ನೆರಳಿನ ಲೆಕ್ಕ. ಇವೆರಡೂ ಒಂದೇ ದಿನ ಬೀಳ್ತಿದ್ದ ಕಾಲ ಇತ್ತು, ಈಗಿನ ಅಯನಾಂಶ (ಆ ಎರಡು ಲೆಕ್ಕದ ನಡುವಿನ ಅಂತರ) ಹಿಡಿದು ಹಿಂದಕ್ಕೆ ಹೋದ್ರೆ ಕ್ರಿ.ಶ. 285ರ ಸುಮಾರು. ಸೂರ್ಯ ಚಂದ್ರ ಇಬ್ಬರೂ ಭೂಮಿಯ ಉಬ್ಬಿದ ನಡುವನ್ನ ಜಗ್ಗೋದ್ರಿಂದ ಅಕ್ಷ ಬುಗುರಿ ಥರ ಓಲಾಡುತ್ತೆ, 72 ವರ್ಷಕ್ಕೆ ಒಂದು ಡಿಗ್ರಿ, ಪೂರ್ತಿ ಸುತ್ತಿಗೆ ಹತ್ತಿರ ಹತ್ತಿರ 26,000 ವರ್ಷ. 1956ರ ಮಾರ್ಚ್ 21ಕ್ಕೆ ಅಯನಾಂಶ 23 ಡಿಗ್ರಿ 15 ಕಲೆ (60 ಕಲೆಗೆ ಒಂದು ಡಿಗ್ರಿ) ಅಂತ ಇಟ್ರು. ಈಗ 24 ಡಿಗ್ರಿ 13 ಕಲೆ ದಾಟಿದೆ. ಆ 24 ಡಿಗ್ರಿಯೇ ಡಿಸೆಂಬರ್ 21ಕ್ಕೂ ಇವತ್ತಿಗೂ ಮಧ್ಯದ 24 ದಿನ.

8:26 | ನಿಟ್ಟುವಳ್ಳಿ ಚಿಕ್ಕಮ್ಮ
ಇದೇನು ಹೊಸ ಸಂಗತಿ ಅಲ್ಲ. ವೇದಾಂಗ ಜ್ಯೋತಿಷ ಅನ್ನೋ ಹಳೇ ಗ್ರಂಥದಲ್ಲಿ ಉತ್ತರಾಯಣ ಧನಿಷ್ಠೆ ನಕ್ಷತ್ರದ ಮೊದಲಿಗೆ. ವರಾಹಮಿಹಿರ ಆರನೇ ಶತಮಾನದಲ್ಲೇ ಬರೆದ: ಹಿಂದೆ ಹಾಗಿತ್ತಂತೆ, ಈಗ ಮಕರದ ಮೊದಲಿಗಿದೆ, ಅನುಮಾನ ಇದ್ರೆ ನೋಡಿ ಪರೀಕ್ಷೆ ಮಾಡಿ ಅಂತ. ಅವನು ನೋಡಿ ತಿದ್ದಿಕೊಂಡ. ನಾವು ಫಾರ್ವರ್ಡ್ ಮಾಡ್ತಿದೀವಿ.

8:27 | ಪಿ.ಜೆ. ಬಡಾವಣೆ ಅತ್ತೆ
ಒಳ್ಳೆ ಮಾತು ಅಂದಿದ್ದೆ 😐

8:49 | ದುರ್ಗದ ಮಾವ
ಮಾತು ಸಾಕು, ಅಳೆದು ನೋಡ್ರಿ. ದಾವಣಗೆರೆ 14.46 ಡಿಗ್ರಿ ಉತ್ತರ. ಒಂದು ಮೀಟರ್ ಕೋಲಿಗೆ ಡಿಸೆಂಬರ್ 21ರ ನಡುಹಗಲು ನೆರಳು 77.8 ಸೆಂ.ಮೀ. ಬರಬೇಕು, ಇವತ್ತು 72. ಸೂರ್ಯ ಇವತ್ತೇ ತಿರುಗೋದಾದ್ರೆ ಈ ಆರು ಸೆಂ.ಮೀ. ಎಲ್ಲಿ ಹೋಯ್ತು?

8:53 | ವಿದ್ಯಾನಗರ ದೊಡ್ಡಪ್ಪ
ಹನ್ನೆರಡಕ್ಕೆ ತಾರಸಿ ಮೇಲೆ ಕೋಲು ನಿಲ್ಲಿಸ್ತೀನಿ. ನೋಡೇ ಬಿಡೋಣ.

9:10 | ದುರ್ಗದ ಮಾವ
ಹನ್ನೆರಡಕ್ಕೆ ಅಲ್ಲ ಅಣ್ಣಾರೆ, ಅಲ್ಲೇ ಎಲ್ಲರೂ ಕೆಡೋದು. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನೀವಿರೋದು 75.9. ಡಿಗ್ರಿಗೆ ನಾಲ್ಕು ನಿಮಿಷದಂಗೆ ಅದಕ್ಕೆ 26 ನಿಮಿಷ ಸೇರಿಸ್ರಿ, ಈ ವಾರದ ಸೂರ್ಯನ ಸೋಮಾರಿತನಕ್ಕೆ 9 ಸೇರಿಸ್ರಿ: 12:35. ಅದಕ್ಕೂ ಮುಂಚೆ ಅಳೆದ್ರೆ ನೆರಳು ಉದ್ದ ಬರುತ್ತೆ, ಆಮೇಲೆ ನನ್ನ ಲೆಕ್ಕ ತಪ್ಪು ಅಂತೀರ.

ಕೋಲಿನ ತುದಿ ನೆರಳು ಗೆರೆ ಹೊಡೆದಂಗೆ ಬೀಳಲ್ಲ. ಸೂರ್ಯ ಅರ್ಧ ಡಿಗ್ರಿ ಅಗಲ ಇರೋದ್ರಿಂದ ಒಂದೂವರೆ ಸೆಂ.ಮೀ. ಮಬ್ಬು. ಅದಕ್ಕೇ ಲಗ್ನಪತ್ರಿಕೆ ಥರದ ದಪ್ಪ ಕಾರ್ಡಿಗೆ 4 ಮಿ.ಮೀ. ತೂತು ಮಾಡಿ ಕೋಲಿನ ತುದಿಗೆ ಅಡ್ಡ ಅಂಟಿಸ್ರಿ. ನೆಲದಿಂದ ತೂತಿಗೆ ಸರಿಯಾಗಿ 100 ಸೆಂ.ಮೀ. ನೆರಳಿನ ನಡುವೆ ಬೆಳಕಿನ ಬೊಟ್ಟು ಬೀಳುತ್ತೆ, ಅದರ ಮಧ್ಯಕ್ಕೆ ಗುರುತು. ಅಳತೆಯ ಇನ್ನೊಂದು ತುದಿಗೆ ಕೋಲಿನ ಬುಡ ಹಿಡೀಬೇಡ್ರಿ. ಕೋಲು ಒಂದು ಡಿಗ್ರಿ ವಾಲಿದ್ರೆ ಪೌಣೆ ಎರಡು ಸೆಂ.ಮೀ. ಹೋಯ್ತು. ತೂತಿಂದ ತೂಗುಗುಂಡು ಇಳಿಬಿಟ್ಟು ಅದು ಮುಟ್ಟಿದ ಕಡೆಯಿಂದ ಅಳೀರಿ.

ತಾರಸೀನೂ ಮೋಸ. ನೀರು ಹೋಗಲಿ ಅಂತ ಮೀಟರಿಗೆ ಒಂದು ಸೆಂ.ಮೀ. ಇಳಿಜಾರು ಕೊಟ್ಟಿರ್ತಾರೆ, ನೆರಳು ಬೀಳೋ ಉತ್ತರದ ಕಡೆಗೇ ಇಳಿಜಾರಿದ್ರೆ ಅಷ್ಟಕ್ಕೇ ಅರ್ಧ ಸೆಂ.ಮೀ. ಹೆಚ್ಚು. ಹಲಗೆ ಹಾಕಿ ರಸಮಟ್ಟ ಇಟ್ಟು ನೋಡ್ರಿ. 12:20ರಿಂದ 12:50ರವರೆಗೆ ಐದೈದು ನಿಮಿಷಕ್ಕೆ ಗುರುತು ಹಾಕಿದ್ರೆ ಎಲ್ಲಕ್ಕಿಂತ ಗಿಡ್ಡದ್ದೇ ಉತ್ತರ, ಗಡಿಯಾರ ನಂಬೋದೂ ಬೇಡ.

9:18 | ಪುಟ್ಟ ಬೆಂಗಳೂರು
ಹಾಗಾದ್ರೆ ಡಿಸೆಂಬರ್ 21ನೇ ತಾರೀಖೇ ತಿರುಗೋದು ಅಂತ ಕೋಲಲ್ಲಿ ಹಿಡೀಬಹುದಾ ಮಾವ?

9:24 | ದುರ್ಗದ ಮಾವ
ನೇರವಾಗಿ ಆಗಲ್ಲ. 21ರಿಂದ 26ರ ತನಕ ನೆರಳು ಬದಲಾಗೋದು 2 ಮಿ.ಮೀ. ಇವತ್ತಿನ 72 ಸೆಂ.ಮೀ. ಅದೇ ಜಾಗದಲ್ಲಿ ನವೆಂಬರ್ 28ಕ್ಕೂ ಬಿದ್ದಿರುತ್ತೆ. ಅಲ್ಲಿಂದ ಇಲ್ಲಿಗೆ 47 ದಿನ, ಅರ್ಧ ಮಾಡಿದ್ರೆ ಡಿಸೆಂಬರ್ 21. ಹಳಬರಿಗೂ ಇದೇ ದಾರಿ.

9:31 | ವಿದ್ಯಾನಗರ ದೊಡ್ಡಪ್ಪ
ಬೆಂಗಳೂರಿನ ಗವಿ ಗಂಗಾಧರೇಶ್ವರನ ಮೇಲೆ ಸಂಕ್ರಾಂತಿ ಸಂಜೆಯೇ ಬಿಸಿಲು ಬೀಳುತ್ತಲ್ಲ, ಅದಕ್ಕೇನಂತೀರಿ?

9:35 | ನಿಟ್ಟುವಳ್ಳಿ ಚಿಕ್ಕಮ್ಮ
ಅಣ್ಣ ಹೇಳಿದ ಲೆಕ್ಕವೇ ಅಲ್ಲಿಗೂ. ನವೆಂಬರ್ ಕೊನೆಗೂ ಸೂರ್ಯ ಅದೇ ಜಾಗದಲ್ಲಿ ಮುಳುಗ್ತಾನೆ, ಕಿರಣಕ್ಕೂ ಅದೇ ದಾರಿ. ಅವತ್ತು ಟಿ.ವಿ.ಯೋರು ಬರಲ್ಲ, ಅಷ್ಟೇ.

12:41 | ದುರ್ಗದ ಮಾವ
ಇಲ್ಲಿ ಚಿತ್ರದುರ್ಗದಲ್ಲಿ 71.5. ನಾವು ನಿಮಗಿಂತ ಕಾಲು ಡಿಗ್ರಿ ದಕ್ಷಿಣ, ನಿಮ್ಮದಕ್ಕಿಂತ ಅರ್ಧ ಸೆಂ.ಮೀ. ಕಮ್ಮಿ ಬರಲೇಬೇಕು.

12:52 | ವಿದ್ಯಾನಗರ ದೊಡ್ಡಪ್ಪ
(ಫೋಟೊ)
72.3. ಹಲಗೆ ಸಿಗಲಿಲ್ಲ, ರೊಟ್ಟಿ ಬಡಿಯೋ ಮಣೆ ಇಟ್ಟಿದ್ದೆ.

12:53 | ಪಿ.ಜೆ. ಬಡಾವಣೆ ಅತ್ತೆ
ಅಯ್ಯೋ, ಸಜ್ಜೆ ರೊಟ್ಟಿ ಇನ್ನೂ ಆಗಿಲ್ವಾ ಹಂಗಾದ್ರೆ ಅಲ್ಲಿ?

12:57 | ವಿದ್ಯಾನಗರ ದೊಡ್ಡಪ್ಪ
ಮಣೆ ಕೆಳಗೆ ಕೊಟ್ಟೆ. ಫಾರ್ವರ್ಡ್ ಅಳಿಸ್ತೀನಿ, ಹಬ್ಬ ಅಳಿಸಲ್ಲ. ಸಂಕ್ರಮಣ 3:13ಕ್ಕೆ, ಪುಣ್ಯಕಾಲ ಅಲ್ಲಿಂದ ಸೂರ್ಯ ಮುಳುಗೋವರೆಗೆ. ಹರಿಹರಕ್ಕೆ ಹೊಳೆ ಸ್ನಾನಕ್ಕೆ ಬರೋರು ಎರಡೂವರೆಗೆ ನಮ್ಮನೆ ಹತ್ರ ಬನ್ನಿ, ಕಾರಲ್ಲಿ ಇನ್ನು ಇಬ್ಬರಿಗೆ ಜಾಗ ಐತೆ.