ತಾಳಮದ್ದಳೆಯ ಮಿಕ್ಸಿಂಗ್‌ಗೆ ಕಂಟ್ರೋಲ್ ಸರ್ಫೇಸ್: ಒಂದು ಫೇಡರ್ ಸಾಕೇ, ಎಂಟು ಬೇಕೇ?

ಚೌಕಿಮನೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಕುಂದಾಪುರದ ಕಡೆಯ ನಮ್ಮ ಮನೆಯ ಒಂದು ಕೋಣೆಯಲ್ಲಿ ತಾಳಮದ್ದಳೆ ಕೂಟಗಳ ಧ್ವನಿಮುದ್ರಣಗಳನ್ನು ಮಿಕ್ಸ್ ಮಾಡಿ ಕೊಡುತ್ತೇನೆ. ನಡುನಡುವೆ ಪರಿಚಿತ ಗಾಯಕರ ಭಾವಗೀತೆಗಳೂ ಬರುತ್ತವೆ. ಮಿಕ್ಸಿಂಗ್‌ಗೆ ಬಳಸುವ ತಂತ್ರಾಂಶ ರೀಪರ್. ಒಂದು ಕೂಟವೆಂದರೆ ಭಾಗವತರಿಗೆ ಒಂದು ಮೈಕು, ಮದ್ದಳೆಗೆ ಎರಡು, ಚೆಂಡೆಗೆ ಒಂದು, ಅರ್ಥಧಾರಿಗಳಿಗೆ (ಪಾತ್ರಗಳ ಮಾತಾಡುವವರಿಗೆ) ತಲಾ ಒಂದು, ಸಭೆಯ ಸದ್ದಿಗೆ ಎರಡು, ಹೀಗೆ 10ರಿಂದ 14 ಟ್ರ್ಯಾಕ್‌ಗಳಾಗುತ್ತವೆ. ಅವಧಿ ಮೂರು ಗಂಟೆಗೆ ಕಡಿಮೆ ಇರುವುದು ಅಪರೂಪ.

ತೊಡಕು ಇರುವುದು ಅರ್ಥಧಾರಿಗಳ ಧ್ವನಿಯಲ್ಲಿ. ಸಂಧಾನದ ಸಂದರ್ಭದಲ್ಲಿ ಕೃಷ್ಣನ ಅರ್ಥಧಾರಿ ಮೆಲುದನಿಯಲ್ಲಿ ಒಂದು ಮಾತು ಕುಟುಕಿದ ಮರುಗಳಿಗೆಯಲ್ಲೇ ಕೌರವನು ಅಬ್ಬರಿಸುತ್ತಾನೆ. ಇವೆರಡನ್ನೂ, ಜೋರು ಸದ್ದನ್ನು ತಾನಾಗಿ ತಗ್ಗಿಸುವ ಕಂಪ್ರೆಸರ್ ಒಂದರಿಂದಲೇ ಹತೋಟಿಗೆ ತರಲು ಹೊರಟರೆ ಮಾತಿನ ಸಂದುಗಳಲ್ಲಿ ಶ್ರುತಿಪೆಟ್ಟಿಗೆಯೂ ಫ್ಯಾನಿನ ಸದ್ದೂ ಸಭಿಕರ ಕೆಮ್ಮೂ ಮೇಲೆದ್ದು ಬರುತ್ತವೆ. ಆದ್ದರಿಂದ ಈಗ ಮೌಸ್ ಹಿಡಿದು ವಾಲ್ಯೂಮ್ ಗೆರೆಯ ಮೇಲೆ ಒಂದೊಂದೇ ಚುಕ್ಕಿ ಇಟ್ಟು ಏರಿಳಿತ ಬರೆಯುತ್ತಿದ್ದೇನೆ. ಕೆಲಸವೇನೋ ಆಗುತ್ತದೆ, ಆದರೆ ಕಿವಿಗಿಂತ ಹೆಚ್ಚಾಗಿ ಕಣ್ಣೇ ಮಿಕ್ಸ್ ಮಾಡುತ್ತಿದೆ ಎಂಬ ಭಾವನೆ ಬಂದಿದೆ.

ಹಾಗಾಗಿ ತಂತ್ರಾಂಶದ ಮಟ್ಟಗಳನ್ನು ಕೈಯಿಂದ ಸರಿಸಲು ಫೇಡರ್ (ಜಾರುಗುಂಡಿ) ಇರುವ ಕಂಟ್ರೋಲ್ ಸರ್ಫೇಸ್ ಒಂದನ್ನು ಕೊಳ್ಳಬೇಕೆಂದಿದ್ದೇನೆ. ಕೊರ್ಗ್ ನ್ಯಾನೋಕಂಟ್ರೋಲ್ 2, ಪ್ರೀಸೋನಸ್ ಫೇಡರ್‌ಪೋರ್ಟ್ (ಒಂದು ಫೇಡರ್‌ನದು ಮತ್ತು ಎಂಟರದು), ಬೆರಿಂಗರ್ ಎಕ್ಸ್-ಟಚ್ ಮತ್ತು ಎಕ್ಸ್-ಟಚ್ ಒನ್, ಇವಿಷ್ಟನ್ನು ಗುರುತು ಹಾಕಿಕೊಂಡಿದ್ದೇನೆ. ನಮ್ಮ ಕಡೆಯ ಅಂಗಡಿಗಳಲ್ಲಿ ಇವನ್ನು ಮುಟ್ಟಿ ನೋಡುವ ಅವಕಾಶವಿಲ್ಲ, ಆನ್‌ಲೈನ್‌ನಲ್ಲಿಯೇ ತರಿಸಬೇಕು. ಎಂಟು ಫೇಡರ್‌ಗಳ ಸಾಧನಕ್ಕೆ ಹಣ ಹೊಂದಿಸಬಹುದಾದರೂ ಅದೇ ಹಣದಲ್ಲಿ ಕೋಣೆಯ ಗೋಡೆಗಳಿಗೆ ಧ್ವನಿ ಹೀರುವ ಫಲಕಗಳನ್ನು ಹಾಕಿಸಬಹುದಲ್ಲ ಎಂಬ ಯೋಚನೆಯೂ ಇದೆ. ಮೋಟಾರ್ ಇರುವ ಫೇಡರ್ ನಿಜಕ್ಕೂ ಅಗತ್ಯವೇ? ಒಂದು ಸಾಕೇ? ಕಡಲತೀರದ ಹವೆಯಲ್ಲಿ ಇವು ಎಷ್ಟು ಬಾಳುತ್ತವೆ? ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಮಂದ್ರಸ್ಥಾಯಿ (ಉತ್ತರ):

ನೀವು ವಿವರಿಸಿದ ಕೆಲಸಕ್ಕೆ ಒಂದು ಫೇಡರ್ ಸಾಕು. ಆದರೆ ಆ ಒಂದಕ್ಕೆ ಮೋಟಾರೂ ಇರಬೇಕು, ಬೆರಳು ತಾಗಿದ್ದನ್ನು ಗುರುತಿಸುವ ಗುಣವೂ ಇರಬೇಕು. ಈ ಎರಡರಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಕಾರಣವನ್ನು ರೀಪರ್‌ನ ಆಟೊಮೇಷನ್ (ಮಟ್ಟದ ಏರಿಳಿತವನ್ನು ಬರೆದಿಟ್ಟು ಮತ್ತೆ ಅದರಂತೆಯೇ ನಡೆಸುವ) ಕ್ರಮದಿಂದಲೇ ಹೇಳುತ್ತೇನೆ. ಟಚ್ ಎಂಬ ವಿಧಾನದಲ್ಲಿ ನೀವು ಫೇಡರ್ ಮುಟ್ಟಿದ ಕ್ಷಣದಿಂದ ಹೊಸ ಏರಿಳಿತ ಬರೆಯಲ್ಪಡುತ್ತದೆ, ಬೆರಳು ತೆಗೆದ ಕೂಡಲೇ ಹಳೆಯ ಗೆರೆಗೆ ಮರಳುತ್ತದೆ. ಲ್ಯಾಚ್‌ನಲ್ಲಿ ಬೆರಳು ತೆಗೆದ ಮೇಲೂ ಕೊನೆಯ ಮಟ್ಟವೇ ಮುಂದುವರಿಯುತ್ತದೆ. ಮೂರು ಗಂಟೆಯ ಕೂಟದಲ್ಲಿ ಮೊದಲ ಸುತ್ತನ್ನು ಲ್ಯಾಚ್‌ನಲ್ಲಿ ಒರಟಾಗಿ ಬರೆದು, ತಪ್ಪಿದ ಜಾಗಗಳನ್ನು ಮಾತ್ರ ಟಚ್‌ನಲ್ಲಿ ತಿದ್ದುವುದು ಅತ್ಯಂತ ಸುಲಭವಾದ ದಾರಿ. ಮೋಟಾರ್ ಇಲ್ಲದ ಫೇಡರ್‌ನಲ್ಲಿ ಈ ಎರಡನೆಯ ಸುತ್ತೇ ಕೈಗೂಡುವುದಿಲ್ಲ. ಏಕೆಂದರೆ ತಂತ್ರಾಂಶದೊಳಗಿನ ಮಟ್ಟ ಒಂದೆಡೆ, ಕೈಯಲ್ಲಿರುವ ಗುಂಡಿ ಇನ್ನೊಂದೆಡೆ ಇರುತ್ತದೆ, ಮುಟ್ಟಿದೊಡನೆ ಧ್ವನಿ ಹಾರಿಬೀಳುತ್ತದೆ. ಹಾರದಂತೆ ತಡೆಯಲು ಪಿಕಪ್ ಎಂಬ ಏರ್ಪಾಡು ಇದೆಯಾದರೂ, ಹಳೆಯ ಮಟ್ಟವನ್ನು ಹುಡುಕಿ ದಾಟುವಷ್ಟರಲ್ಲಿ ತಿದ್ದಬೇಕಾದ ಮಾತು ಮುಗಿದುಹೋಗಿರುತ್ತದೆ.

ಮೋಟಾರ್ ಇಲ್ಲದ ನ್ಯಾನೋಕಂಟ್ರೋಲ್ 2ನಂತಹ ಸಾಧನಗಳಿಗೆ ಇನ್ನೊಂದು ಮಿತಿಯಿದೆ. ಸಂಗೀತ ಸಾಧನಗಳು ಕಂಪ್ಯೂಟರಿನೊಡನೆ ಮಾತಾಡುವ ಮಿಡಿ ಭಾಷೆಯ ಸಾಮಾನ್ಯ ಕಂಟ್ರೋಲ್ ಸಂದೇಶ 0ಯಿಂದ 127ರವರೆಗೆ, ಅಂದರೆ 128 ಮೆಟ್ಟಿಲುಗಳಲ್ಲಿ ಮಾತ್ರ ಮಟ್ಟವನ್ನು ಹೇಳಬಲ್ಲದು. ಕಂಟ್ರೋಲ್ ಸರ್ಫೇಸ್‌ಗಳಿಗೆಂದೇ ಇರುವ ಮ್ಯಾಕಿ ಕಂಟ್ರೋಲ್ ಪದ್ಧತಿಯಲ್ಲಿ ಫೇಡರ್‌ನ ಸ್ಥಾನ 14 ಬಿಟ್‌ಗಳ ಪಿಚ್ ಬೆಂಡ್ ಸಂದೇಶವಾಗಿ ಹೋಗುತ್ತದೆ; ಸಾಧನ ಅಷ್ಟನ್ನೂ ಬಳಸದೆ 10 ಬಿಟ್‌ಗಳನ್ನೇ ಬಳಸಿದರೂ 1024 ಮೆಟ್ಟಿಲುಗಳು ಸಿಗುತ್ತವೆ. ಚಿಕ್ಕ ಜಾರುಗುಂಡಿಯಲ್ಲಿ ಅರ್ಧ ಡೆಸಿಬಲ್ ಸರಿಸಲು ಹೋಗಿ ಎರಡು ಡೆಸಿಬಲ್ ಸರಿದುಹೋಗುವುದಕ್ಕೂ, 100 ಮಿಲಿಮೀಟರ್ ಓಟದ ಫೇಡರ್‌ನಲ್ಲಿ ಬೆರಳ ತುದಿಯಿಂದ ಅಷ್ಟನ್ನೇ ಸರಿಸುವುದಕ್ಕೂ ವ್ಯತ್ಯಾಸ ಅಲ್ಲಿದೆ.

ನಿಮ್ಮ ಕೆಲಸದಲ್ಲಿ ಫೇಡರ್ ತನ್ನ ಬೆಲೆಯನ್ನು ತೋರಿಸುವ ಜಾಗ ಒಂದಿದೆ: ಅರ್ಥ ಮುಗಿದು ಭಾಗವತರು ಪದ ಎತ್ತುವ ಸಂದಿ. ಅರ್ಥಧಾರಿಯ ಮೈಕು ತೆರೆದೇ ಇರುತ್ತದೆ, ಚೆಂಡೆಯ ಪೆಟ್ಟು ಬಿದ್ದೊಡನೆ ಅದು ಆ ಮೈಕಿಗೂ ನುಗ್ಗುತ್ತದೆ, ಚೆಂಡೆಯ ಸ್ವಂತ ಮೈಕಿನ ಸದ್ದಿನೊಡನೆ ಬೆರೆತು ಟೊಳ್ಳಾಗಿ ಕೇಳುತ್ತದೆ. ಮೆಲುಸದ್ದನ್ನು ತಾನಾಗಿ ಮುಚ್ಚುವ ಗೇಟ್ ಹಾಕಿದರೆ ಅದು ಮಾತಿನ ಕೊನೆಯಕ್ಷರವನ್ನು ಕತ್ತರಿಸುತ್ತದೆ, ಇಲ್ಲವೇ ಚೆಂಡೆಗೇ ಬಾಗಿಲು ತೆರೆಯುತ್ತದೆ. ಕೈಯಾದರೋ ಅರ್ಥಧಾರಿಯ ಕೊನೆಯ ವಾಕ್ಯದ ಇಳುಕಲನ್ನು ಕೇಳುತ್ತಲೇ ಮೊದಲೇ ಇಳಿಯಲು ತೊಡಗುತ್ತದೆ.

ಒಂದು ಎಚ್ಚರಿಕೆ. ರೀಪರ್‌ನಲ್ಲಿ ಟ್ರ್ಯಾಕಿನ ಫೇಡರ್ ಇರುವುದು ಪ್ಲಗಿನ್‌ಗಳ ನಂತರ. ಅರ್ಥಧಾರಿಯ ಟ್ರ್ಯಾಕಿನ ಮೇಲೆಯೇ ಕಂಪ್ರೆಸರ್ ಇಟ್ಟು ಫೇಡರ್ ಆಡಿಸಿದರೆ ಕಂಪ್ರೆಸರ್ ಮಾತ್ರ ಹಳೆಯ ಅಬ್ಬರವನ್ನೇ ಉಣ್ಣುತ್ತಿರುತ್ತದೆ. ಅರ್ಥಧಾರಿಗಳೆಲ್ಲರನ್ನೂ ಒಂದು ಫೋಲ್ಡರ್ ಟ್ರ್ಯಾಕಿನಡಿ ತಂದು ಕಂಪ್ರೆಸರನ್ನು ಫೋಲ್ಡರ್‌ಗೆ ಹಾಕಿ, ಒಳಗಿನ ಟ್ರ್ಯಾಕಿನ ಫೇಡರ್ ಆಡಿಸಿ. ಕೈ ಮೊದಲು, ಕಂಪ್ರೆಸರ್ ಆಮೇಲೆ.

ನಾದತಂತು (ಉತ್ತರ):

ಮಂದ್ರಸ್ಥಾಯಿಯವರು ಮೋಟಾರ್ ಮತ್ತು ಸ್ಪರ್ಶದ ಬಗ್ಗೆ ಬರೆದದ್ದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಒಂದೇ ಸಾಕು ಎಂಬುದನ್ನು ಮಾತ್ರ ಒಪ್ಪಲಾರೆ. ತಾಳಮದ್ದಳೆ ಒಬ್ಬರ ಭಾಷಣವಲ್ಲ. ಸಂವಾದ ಬಿಸಿಯೇರಿದಾಗ ಇಬ್ಬರ ಮಾತು ಒಂದರ ಮೇಲೊಂದು ಬೀಳುತ್ತದೆ; ಆಗ ಎಡಗೈಯಲ್ಲಿ ಒಬ್ಬರನ್ನೂ ಬಲಗೈಯಲ್ಲಿ ಇನ್ನೊಬ್ಬರನ್ನೂ ಹಿಡಿದಿದ್ದರೆ ಒಂದೇ ಸುತ್ತಿನಲ್ಲಿ ಮುಗಿಯುವ ಕೆಲಸಕ್ಕೆ, ಒಂದು ಫೇಡರ್ ಇದ್ದವರು ಎರಡು ಸುತ್ತು ಕೂರಬೇಕಾಗುತ್ತದೆ. ಮೂರು ಗಂಟೆಯ ಕೂಟಕ್ಕೆ ಇನ್ನೊಂದು ಸುತ್ತು ಎಂದರೆ ಇನ್ನೂ ಮೂರು ಗಂಟೆ. ಭಾವಗೀತೆಗೆ ಇದು ಅನ್ವಯಿಸುವುದಿಲ್ಲ, ಅಲ್ಲಿ ಗಾಯಕರ ಧ್ವನಿಯೊಂದನ್ನು ಆಡಿಸಿದರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು.

ಎಂಟನ್ನು ಕೊಳ್ಳುವುದಾದರೆ ಅದನ್ನು 14 ಟ್ರ್ಯಾಕ್‌ಗಳ ಉದ್ದಕ್ಕೂ ಅತ್ತಿತ್ತ ಜಿಗಿಸುತ್ತ ಕೂರಬೇಡಿ. ಎಂಟೆಂಟು ಟ್ರ್ಯಾಕ್‌ಗಳ ಗುಂಪು (ಬ್ಯಾಂಕ್) ಬದಲಿಸಿದಾಗಲೆಲ್ಲ ಯಾವ ಫೇಡರ್ ಯಾರದು ಎಂಬುದನ್ನು ಕೈ ಮರೆಯುತ್ತದೆ. ರೀಪರ್‌ನಲ್ಲಿ ವಿಸಿಎ ಗುಂಪುಗಳಿವೆ, ಅಂದರೆ ಒಂದೇ ಫೇಡರ್‌ನಿಂದ ಹಲವು ಟ್ರ್ಯಾಕ್‌ಗಳ ಮಟ್ಟ ಸರಿಸಬಹುದು. ಮದ್ದಳೆಯ ಎರಡು ಮೈಕು ಮತ್ತು ಚೆಂಡೆ ಸೇರಿ ಹಿಮ್ಮೇಳಕ್ಕೆ ಒಂದು, ಭಾಗವತರಿಗೆ ಒಂದು, ಸಭೆಗೆ ಒಂದು, ಉಳಿದ ಐದು ಅರ್ಥಧಾರಿಗಳಿಗೆ ಎಂದು ಮೊದಲ ಎಂಟರಲ್ಲಿಯೇ ಹೊಂದಿಸಿ, ಎಲ್ಲ ಕೂಟಗಳಿಗೂ ಅದೇ ಕ್ರಮವನ್ನು ಉಳಿಸಿಕೊಳ್ಳಿ.

ಸಂಪರ್ಕದ ಭಾಷೆಯ ಬಗ್ಗೆಯೂ ಒಂದು ಮಾತು. ನಿಮ್ಮ ಪಟ್ಟಿಯ ಫೇಡರ್‌ಪೋರ್ಟ್, ಎಕ್ಸ್-ಟಚ್ ಎರಡೂ ಕುಟುಂಬಗಳು ಮ್ಯಾಕಿ ಕಂಟ್ರೋಲ್ ಮತ್ತು ಹುಯಿ ಎಂಬ ಎರಡೂ ಸಂಪರ್ಕ ಭಾಷೆಗಳನ್ನು ಆಡುತ್ತವೆ. ರೀಪರ್, ಕ್ಯೂಬೇಸ್, ಲಾಜಿಕ್‌ಗಳಿಗೆ ಮ್ಯಾಕಿ ಕಂಟ್ರೋಲ್ ಸಹಜವಾಗಿ ಒಗ್ಗುತ್ತದೆ. ಮುಂದೊಂದು ದಿನ ಪ್ರೋ ಟೂಲ್ಸ್ ತಂತ್ರಾಂಶಕ್ಕೆ ಹೋದರೆ ಅಲ್ಲಿ ಹುಯಿ ಅಥವಾ ಅವಿಡ್‌ನವರ ಯೂಕಾನ್ ಬೇಕಾಗುತ್ತದೆ. ಹುಯಿ 1990ರ ದಶಕದ ಸರಕು, ಅದರ ಮುಪ್ಪು ಬಳಸುವಾಗ ಕಾಣುತ್ತದೆ. ಅವಿಡ್ ಎಸ್1 ಎಂಟು ಫೇಡರ್‌ಗಳ ಒಳ್ಳೆಯ ಸಾಧನವೇ ಆದರೂ ರೀಪರ್ ಬಳಸುವವರಿಗೆ ಅದಕ್ಕಿಂತ ಮೊದಲು ನೋಡಬೇಕಾದವು ಬೇಕಾದಷ್ಟಿವೆ. ರೀಪರ್‌ನೊಳಗಿನ ಮ್ಯಾಕಿ ಚಾಲಕ ತೀರ ಸರಳವಾದದ್ದು. ಗುಂಡಿಗಳಿಗೆ ನಿಮ್ಮದೇ ಕೆಲಸ ಹಚ್ಚಬೇಕೆಂದಿದ್ದರೆ ಸಿಎಸ್ಐ ಎಂಬ ಉಚಿತ ವಿಸ್ತರಣೆಯನ್ನು ಹಾಕಿಕೊಳ್ಳಿ, ಆದರೆ ಅದನ್ನು ಹೊಂದಿಸಲು ಒಂದು ಬಿಡುವಿನ ದಿನ ಎತ್ತಿಡಿ.

ಇನ್ನು ಕನ್ನಡದಂತಹ ಲಿಪಿಯಲ್ಲಿ ಹೆಸರು ಬರೆಯುವವರಿಗೆ ಎದುರಾಗುವ ಒಂದು ಕಿರಿಕಿರಿ. ಎಕ್ಸ್-ಟಚ್‌ನಂತಹ ಸಾಧನಗಳಲ್ಲಿ ಪ್ರತಿ ಫೇಡರ್‌ನ ಮೇಲೆ ಟ್ರ್ಯಾಕಿನ ಹೆಸರು ತೋರಿಸುವ ಪುಟ್ಟ ಪರದೆಯಿರುತ್ತದೆ. ಮ್ಯಾಕಿ ಪದ್ಧತಿಯಲ್ಲಿ ಒಂದು ಟ್ರ್ಯಾಕಿಗೆ ಸಿಗುವುದು ಸಾಲಿಗೆ ಏಳೇ ಅಕ್ಷರ, ಅದೂ ರೋಮನ್ ಲಿಪಿಯದು. ರೀಪರ್‌ನಲ್ಲಿ ಕನ್ನಡದಲ್ಲಿ ‘ಮದ್ದಳೆ’ ಎಂದು ಬರೆದಿದ್ದರೆ ಪರದೆಯ ಮೇಲೆ ಖಾಲಿ ಜಾಗವನ್ನೋ ಅಸಂಬದ್ಧ ಚಿಹ್ನೆಗಳನ್ನೋ ನಿರೀಕ್ಷಿಸಿ. ಟ್ರ್ಯಾಕಿನ ಹೆಸರಿನ ಆರಂಭಕ್ಕೆ ಏಳಕ್ಷರದೊಳಗಿನ ರೋಮನ್ ಗುರುತೊಂದನ್ನು ಸೇರಿಸಿ, ಅದರ ಮುಂದೆ ಕನ್ನಡದ ಹೆಸರನ್ನು ಬರೆಯುವುದು ಒಂದು ಉಪಾಯ. ಎರಡೂ ಲಿಪಿ ಒಗ್ಗದಿದ್ದರೆ ಫೇಡರ್‌ಗಳ ಕೆಳಗೆ ಬಿಳಿಯ ಟೇಪ್ ಅಂಟಿಸಿ ಪೆನ್ಸಿಲಿನಲ್ಲಿ ಬರೆಯಿರಿ. ದೊಡ್ಡ ಕನ್ಸೋಲ್‌ಗಳ ಮುಂದೆ ಕೂತವರೂ ಮಾಡುತ್ತಿದ್ದದ್ದು ಇದನ್ನೇ.

ಚೌಕಿಮನೆ:

ಇಬ್ಬರಿಗೂ ಧನ್ಯವಾದಗಳು. ಫೋಲ್ಡರ್ ಟ್ರ್ಯಾಕಿಗೆ ಕಂಪ್ರೆಸರ್ ಹಾಕುವ ಉಪಾಯವನ್ನು ಮೌಸ್‌ನಿಂದಲೇ ಪರೀಕ್ಷಿಸಿದೆ, ಕೌರವನ ಧ್ವನಿ ಮೊದಲಿನಂತೆ ಹಿಸುಕಿದಂತೆ ಕೇಳುತ್ತಿಲ್ಲ. ನಮ್ಮಲ್ಲಿ ಒಂದೇ ಹೊತ್ತಿಗೆ ಇಬ್ಬರು ಮಾತನಾಡುವ ಪ್ರಸಂಗಗಳು ಇವೆಯಾದರೂ ಇಡೀ ಕೂಟದಲ್ಲಿ ಅವು ಕೆಲವೇ ನಿಮಿಷ. ಹವೆಯ ಪ್ರಶ್ನೆ ಉಳಿದಿದೆ. ಮನೆಯಲ್ಲಿ ಹಳೆಯ ಟ್ಯಾಬ್ಲೆಟ್ ಒಂದಿದೆ. ಅದರಲ್ಲಿ ಪರದೆಯ ಮೇಲೆಯೇ ಫೇಡರ್‌ಗಳನ್ನು ತೋರಿಸುವ ಟಚ್‌ಓಎಸ್‌ಸಿ ಎಂಬ ಆ್ಯಪ್ ಹಾಕಿಕೊಂಡರೆ ಸಾಧನವನ್ನೇ ಕೊಳ್ಳದೆ ಸುಧಾರಿಸಬಹುದೇ?

ಕಡಲತಡಿ (ಉತ್ತರ):

ಟ್ಯಾಬ್ಲೆಟ್‌ನಿಂದ ಆರಂಭಿಸುತ್ತೇನೆ. ರೀಪರ್‌ಗೆ ಓಎಸ್‌ಸಿ (ನೆಟ್‌ವರ್ಕ್ ಮೂಲಕ ಸಾಗುವ ನಿಯಂತ್ರಣ ಸಂದೇಶಗಳ) ಬೆಂಬಲ ಇರುವುದರಿಂದ ಟಚ್‌ಓಎಸ್‌ಸಿ ಕೆಲಸ ಮಾಡುತ್ತದೆ, ಹತ್ತು ಬೆರಳುಗಳಿಂದ ಹತ್ತು ಫೇಡರ್ ಸರಿಸಲೂಬಹುದು. ಆದರೆ ಗಾಜಿನ ಮೇಲೆ ಬೆರಳು ಎಲ್ಲಿದೆ ಎಂದು ತಿಳಿಯಲು ಕಣ್ಣು ಅಲ್ಲಿಗೇ ಹೋಗಬೇಕು, ಮತ್ತು ನಿಮ್ಮ ದೂರೇ ಅದಾಗಿತ್ತು. ಪ್ಲೇ, ಸ್ಟಾಪ್, ಮಾರ್ಕರ್ ಇತ್ಯಾದಿಗಳಿಗೆ, ಅಥವಾ ಧ್ವನಿಮುದ್ರಣದ ವೇಳೆ ದೂರದಿಂದ ರೆಕಾರ್ಡ್ ಒತ್ತಲು ಅದನ್ನು ಇಟ್ಟುಕೊಳ್ಳಿ.

ಹವೆಯ ವಿಷಯದಲ್ಲಿ ನಾನು ಮಂಗಳೂರಿನವನಾದ್ದರಿಂದ ಸ್ವಲ್ಪ ಹೇಳಬಲ್ಲೆ. ಇಲ್ಲಿ ಫೇಡರ್‌ಗೆ ತೊಂದರೆ ಕೊಡುವುದು ತೇವಕ್ಕಿಂತ ಹೆಚ್ಚಾಗಿ ತೇವದೊಡನೆ ಸೇರಿ ಗಟ್ಟಿಯಾಗುವ ಧೂಳು ಮತ್ತು ಉಪ್ಪಿನಂಶ. ಅದು ಫೇಡರ್‌ನ ಸೀಳಿನ ಮೂಲಕ ಒಳಗಿಳಿದು ಹಳಿಯ ಮೇಲೆ ಕೂರುತ್ತದೆ. ಮೋಟಾರಿನ ಬಲ ಸಾಲದೆ ಗುಂಡಿ ಅರ್ಧದಲ್ಲಿ ನಡುಗುತ್ತ ನಿಲ್ಲುತ್ತದೆ. ನನ್ನ ಬಳಿಯ ಸಾಧನವೊಂದು, ಕಂಪನಿಯ ಹೆಸರು ಬೇಡ, ಒಂದು ಮಳೆಗಾಲ ಮುಚ್ಚದೆ ಬಿಟ್ಟಿದ್ದಕ್ಕೆ ಹೀಗೇ ಆಗಿತ್ತು. ಕೆಲಸ ಮುಗಿದೊಡನೆ ದಪ್ಪ ಬಟ್ಟೆಯನ್ನೋ ಅಕ್ರಿಲಿಕ್ ಮುಚ್ಚಳವನ್ನೋ ಹೊದಿಸಿ, ಮಳೆಗಾಲದಲ್ಲಿ ಬಳಸದ ದಿನಗಳಲ್ಲಿಯೂ ಫೇಡರ್‌ಗಳನ್ನು ಈ ತುದಿಯಿಂದ ಆ ತುದಿಗೆ ಓಡಿಸಿ. ಬೈಕ್ ಚೈನಿಗೆ, ತುಕ್ಕಿಗೆ ಹೊಡೆಯುವ ಸ್ಪ್ರೇಗಳನ್ನು ಎಂದಿಗೂ ಹಾಕಬೇಡಿ. ಅವು ಹಳಿಯ ಮೇಲಿನ ನಯವಾದ ಜಿಡ್ಡನ್ನು ತೊಳೆದು ತಮ್ಮ ಅಂಟನ್ನು ಬಿಟ್ಟುಹೋಗುತ್ತವೆ.

ಅರ್ಥಿಂಗ್ ಸರಿಯಿದೆಯೇ ಎಂದು ಕೊಳ್ಳುವ ಮೊದಲೇ ನೋಡಿಸಿ. ಬೆರಳಿನ ಸ್ಪರ್ಶವನ್ನು ಗುರುತಿಸುವ ಏರ್ಪಾಡು ಕೆಪಾಸಿಟೆನ್ಸ್ ಆಧರಿಸಿದ್ದು. ಅರ್ಥಿಂಗ್ ಕೆಟ್ಟ ಹಳೆಯ ಮನೆಗಳಲ್ಲಿ ಅದು ಮುಟ್ಟದಿದ್ದರೂ ಮುಟ್ಟಿದಂತೆ, ಮುಟ್ಟಿದರೂ ಮುಟ್ಟದಂತೆ ವರ್ತಿಸಬಹುದು. ಉಗುರಿನ ತುದಿಯಿಂದ ಸರಿಸಿದರೂ ಅದಕ್ಕೆ ತಿಳಿಯುವುದಿಲ್ಲ. ಯುಎಸ್‌ಬಿ ಕೇಬಲನ್ನು ಅಗ್ಗದ ಹಬ್‌ಗೆ ಚುಚ್ಚದೆ ನೇರವಾಗಿ ಕಂಪ್ಯೂಟರಿಗೇ ಕೊಡಿ.

ಯಾರೂ ಹೇಳದ ಒಂದು ಸಂಗತಿ: ಮೋಟಾರ್ ಫೇಡರ್ ಸದ್ದು ಮಾಡುತ್ತದೆ. ಎಂಟೂ ಒಟ್ಟಿಗೆ ಓಡಿದಾಗ ಸರಕ್ಕನೆ ಕೇಳಿಸುತ್ತದೆ. ನೀವು ಭಾವಗೀತೆಯ ಗಾಯಕರನ್ನು ಅದೇ ಕೋಣೆಯಲ್ಲಿ ಮುದ್ರಿಸುವವರಾದರೆ ಆ ಹೊತ್ತಿಗೆ ಸಾಧನವನ್ನು ಆರಿಸಿಡಬೇಕು.

ಮಂದ್ರಸ್ಥಾಯಿ:

ಇಬ್ಬರು ಮಾತನಾಡುವುದು ಕೆಲವೇ ನಿಮಿಷವೆಂದಾದರೆ ನನ್ನ ಅಭಿಪ್ರಾಯ ಬದಲಾಗಿಲ್ಲ: ಒಂದು ಫೇಡರ್ ತರಿಸಿ, ಉಳಿದ ಹಣವನ್ನು ಗೋಡೆಗೆ ಹಾಕಿ. ಕೋಣೆ ತಪ್ಪು ಹೇಳುತ್ತಿದ್ದರೆ ಎಂಟು ಫೇಡರ್‌ಗಳೂ ಅದೇ ತಪ್ಪನ್ನು ಬರೆಯುತ್ತವೆ. ಫೇಡರ್‌ಪೋರ್ಟ್ ಮತ್ತು ಎಕ್ಸ್-ಟಚ್ ಒನ್ ಎರಡರಲ್ಲೂ 100 ಮಿಲಿಮೀಟರ್‌ನ, ಸ್ಪರ್ಶ ತಿಳಿಯುವ ಮೋಟಾರ್ ಫೇಡರ್ ಇದೆ. ಎಕ್ಸ್-ಟಚ್ ಒನ್‌ಗೆ ಹೆಸರಿನ ಪರದೆಯೂ ಜಾಗ್ ಚಕ್ರವೂ ಇರುವುದರಿಂದ, ಉದ್ದನೆಯ ಕೂಟದಲ್ಲಿ ಹಿಂದೆ ಮುಂದೆ ಹೋಗಬೇಕಾದ ನಿಮಗೆ ನಾನು ಅದನ್ನೇ ಹೇಳುತ್ತೇನೆ.

ಪಾರ್ಸೆಲ್ ಬಂದ ದಿನವೇ, ಹಿಂದಿರುಗಿಸುವ ಗಡುವು ಮುಗಿಯುವ ಮೊದಲು, ಒಂದು ಪರೀಕ್ಷೆ ಮಾಡಿ. ಖಾಲಿ ಟ್ರ್ಯಾಕಿನಲ್ಲಿ ಮೌಸ್‌ನಿಂದ ನಿಧಾನವಾದ ಏರಿಳಿತವೊಂದನ್ನು ಬರೆದು ಪ್ಲೇ ಮಾಡಿ, ಫೇಡರ್ ತಡವರಿಸದೆ ಅದನ್ನು ಹಿಂಬಾಲಿಸುತ್ತದೆಯೇ ನೋಡಿ. ಅನಂತರ ಟಚ್ ವಿಧಾನಕ್ಕೆ ಬದಲಿಸಿ ಗುಂಡಿಯನ್ನು ಸರಿಸದೆ ಸುಮ್ಮನೆ ಬೆರಳಿಟ್ಟು ಹಿಡಿಯಿರಿ. ಮೋಟಾರ್ ಕೂಡಲೇ ಬಿಟ್ಟುಕೊಡಬೇಕು, ಗೆರೆ ಆ ಮಟ್ಟದಲ್ಲಿಯೇ ನೇರವಾಗಬೇಕು, ಬೆರಳು ತೆಗೆದೊಡನೆ ಹಳೆಯ ದಾರಿಗೆ ಮರಳಬೇಕು. ಫೇಡರ್‌ನ ಕೆಳತುದಿ, ನಡು, ಮೇಲ್ತುದಿ ಮೂರೂ ಕಡೆ ಇದನ್ನು ಮಾಡಿ.

ಬರೆಯತೊಡಗಿದ ಮೇಲೆ ನಿಮಗೆ ಕಾಣುವ ಇನ್ನೊಂದು ಸಂಗತಿಯನ್ನು ಈಗಲೇ ಹೇಳಿಬಿಡುತ್ತೇನೆ. ಕಿವಿ ಕೇಳಿ ಕೈ ಚಲಿಸುವಷ್ಟರಲ್ಲಿ ಸುಮಾರು ಕಾಲು ಸೆಕೆಂಡು ಕಳೆದಿರುತ್ತದೆ, ಆದ್ದರಿಂದ ಅಬ್ಬರದ ಮೊದಲ ಅಕ್ಷರ ಯಾವಾಗಲೂ ತಪ್ಪಿಸಿಕೊಳ್ಳುತ್ತದೆ. ಒಂದು ಸುತ್ತು ಮುಗಿದ ಮೇಲೆ ಇಡೀ ವಾಲ್ಯೂಮ್ ಗೆರೆಯನ್ನು ಆಯ್ದು ಅಷ್ಟೇ ಅಂತರ ಎಡಕ್ಕೆ ಸರಿಸಿ ಕೇಳಿ ನೋಡಿ.