ಅಪ್‌ಡೇಟ್: ಲೈಸೆನ್ಸ್ ಫೈಲ್‌ನ ಇಸವಿ ತಿದ್ದಬೇಕಾ ಅಂತ ಕೇಳಿದ್ದೆನಲ್ಲ

ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ದಿನದ ಮಳೆ ಬರೆದಿಡಲು ನಾವು ಕೆಲವರು ಸೇರಿ ಮಾಡುತ್ತಿರುವ ಓಪನ್ ಸೋರ್ಸ್ ಆ್ಯಪ್ ಬಗ್ಗೆ ಕೇಳಿದ್ದೆ: ಅದರ ಲೈಸೆನ್ಸ್ ಫೈಲ್‌ನಲ್ಲಿ (ಬಳಕೆಯ ಷರತ್ತು ಬರೆದಿರುವ ಫೈಲ್) ಇರುವ ಕಾಪಿರೈಟ್ ಇಸವಿಯನ್ನು ಪ್ರತಿ ಜನವರಿಯಲ್ಲೂ ಬದಲಿಸಬೇಕಾ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ.

ಇಸವಿ ವಿಚಾರ ಬೇಗ ಮುಗೀತು. ಬದಲಿಸದಿದ್ದರೂ ಹಕ್ಕು ಎಲ್ಲೂ ಹೋಗಲ್ಲ. 1957ರ ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಬರೆದವರ ಜೀವಿತಾವಧಿ, ಆಮೇಲೆ 60 ವರ್ಷ ಅದು ಇರುತ್ತೆ. ಮೊದಲು ಹೊರಬಂದ ಇಸವಿಯನ್ನೇ ಉಳಿಸಿಕೊಂಡಿದ್ದೇವೆ.

ನಿಜವಾದ ಕೆಲಸ ಸಿಕ್ಕಿದ್ದು ಬೇರೆ ಕಡೆ. "ಒಳಗೆ ಸೇರಿಸಿರೋ ಬೇರೆಯವರ ಫೈಲ್‌ಗಳನ್ನ ಮೊದಲು ನೋಡಿ ಸಾರ್" ಅಂತ ಒಬ್ಬರು ಹೇಳಿದ್ದರು. ಅವರಿಗೆ ವಿಶೇಷ ವಂದನೆ. ನಮ್ಮ ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಪಕ್ಕ ಅಪಾಚೆ 2.0 ಎಂಬ ಲೈಸೆನ್ಸ್‌ನ ಪಠ್ಯ ಇತ್ತು. ನೋಟೋ ಫಾಂಟ್‌ಗಳು 2015ರಲ್ಲೇ ಅಪಾಚೆ ಬಿಟ್ಟು ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್‌ಗೆ ಬಂದಿವೆ. ಫಾಂಟ್ ಹೊಸದಾಗಿದೆ, ಪಠ್ಯ ಮಾತ್ರ ಹಳೆಯದೇ ಉಳಿದಿದೆ! ಫಾಂಟ್ ಫೈಲ್ ಒಳಗೇ ಲೈಸೆನ್ಸ್ ವಿವರ ಬರೆದಿತ್ತು, ಅದನ್ನು ನೋಡಿ ಸರಿಯಾದ ಪಠ್ಯ ಹಾಕಿದೆವು.

ಗ್ರಾಫ್ ಬಿಡಿಸುವ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಎಂಐಟಿ ಎಂಬ ಲೈಸೆನ್ಸ್‌ನಲ್ಲಿದೆ. ಅದರ ಕಾಪಿರೈಟ್ ಸಾಲನ್ನೂ ಅನುಮತಿಯ ಪಠ್ಯವನ್ನೂ ಹಾಗೇ ಇಡಬೇಕೆಂಬುದೇ ಆ ಲೈಸೆನ್ಸ್‌ನ ಷರತ್ತು. ಎಲ್ಲ ಕಡೆ ನಮ್ಮ ಹೆಸರು ಹಾಕೋಣ ಎಂಬ ಸಲಹೆ ಬಂದಿತ್ತು, ನಾನು ಒಪ್ಪಲಿಲ್ಲ. ಬೇರೆಯವರ ದುಡಿಮೆ ಅದು.

ಈಗ ನಮ್ಮ ಪ್ರತಿ ಫೈಲ್‌ನ ತಲೆಯಲ್ಲಿ ಎಸ್‌ಪಿಡಿಎಕ್ಸ್ ಸಾಲು, ಅಂದರೆ ಅದು ಯಾವ ಲೈಸೆನ್ಸ್‌ನದು ಅಂತ ಚುಟುಕಾಗಿ ಹೇಳುವ ಸಾಲು ಇದೆ. ಮಳೆಮಾಪಕದ ಒಂದು ಚಿತ್ರಕ್ಕೆ ಮಾತ್ರ ಲೈಸೆನ್ಸೇ ಸಿಗಲಿಲ್ಲ. ಬಿಡಿಸಿದವರಿಗೆ ಮೇಲ್ ಹಾಕಿದ್ದೇವೆ, ಉತ್ತರ ಬರೋವರೆಗೆ ಅದನ್ನು ಆ್ಯಪ್‌ನಿಂದ ತೆಗೆದಿದ್ದೇವೆ.